ಸಾಕೆನಿಸುವ ಮೊದಲೇ ನಿಲ್ಲಿಸಿ

ವ್ಯಾಯಾಮ ಶುರು ಮಾಡುವ ಬಗ್ಗೆ ಈ ಸಲ ಬಂದ ಪತ್ರಗಳು ಜಾಸ್ತಿ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಿನವೂ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಹೃದಯದ ತೊಂದರೆ ಆದವರು ನಿಮ್ಮ ಡಾಕ್ಟರ ಹತ್ತಿರ ಕೇಳಿಯೇ ಶುರು ಮಾಡಿ. ಪತ್ರ ಓದಿ ನಾಡಿ ಹಿಡಿಯಲು ನನಗೆ ಬರುವುದಿಲ್ಲ.

ಪ್ರಾಯ 41. ಲೆಕ್ಕಪತ್ರದ ಕೆಲಸ, ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿ. ಜನವರಿಯಲ್ಲಿ ಜಿಮ್‌ಗೆ ಇಡೀ ವರ್ಷದ ಹಣ ಕಟ್ಟಿ ಹೋದೆ. ಮೊದಲ ದಿನ ಒಳ್ಳೆ ಹುರುಪಿತ್ತು. ಮೂರನೆಯ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ, ಟಾಯ್ಲೆಟ್‌ನಲ್ಲಿ ಕುಳಿತರೆ ಏಳಲು ಆಗಲಿಲ್ಲ. ಅಲ್ಲಿಗೆ ಬಿಟ್ಟೆ. ಈಗ ಮತ್ತೆ ಶುರು ಮಾಡಬೇಕು ಅಂತ ಉಂಟು, ಹೆದರಿಕೆಯೂ ಉಂಟು. ಎಲ್ಲಿಂದ ಶುರು ಮಾಡಲಿ? (ಕೊಟ್ಟಾರ, ಮಂಗಳೂರು)

ನಿಮ್ಮ ಹಾಗೆ ಬರೆದವರು ತುಂಬಾ ಜನ ಇದ್ದಾರೆ ಸರ್. ಮೊದಲು ಆ ನೋವಿನ ವಿಷಯ ಮುಗಿಸೋಣ. ಅಭ್ಯಾಸ ಇಲ್ಲದ ಕೆಲಸವನ್ನು ಸ್ನಾಯುವಿಗೆ ಒಮ್ಮೆಲೇ ಕೊಟ್ಟರೆ ಅದರ ಎಳೆಗಳಲ್ಲಿ ಬಹಳ ಸಣ್ಣ ಗಾಯಗಳಾಗುತ್ತವೆ. ನೋವು ಮರುದಿನ ಶುರುವಾಗಿ ಎರಡನೆಯ, ಮೂರನೆಯ ದಿನ ಜೋರಾಗಿ, ಒಂದು ವಾರದೊಳಗೆ ತಾನಾಗಿ ಹೋಗುತ್ತದೆ. ಲ್ಯಾಕ್ಟಿಕ್ ಆ್ಯಸಿಡ್ ಸೇರಿಕೊಂಡದ್ದು ಎಂದು ಜಿಮ್‌ನಲ್ಲಿ ಯಾರಾದರೂ ಹೇಳಿರಬಹುದು, ಅದು ಸರಿಯಲ್ಲ, ಆ್ಯಸಿಡ್ ನೀವು ಮನೆಗೆ ಬಂದು ಸ್ನಾನ ಮಾಡುವಷ್ಟರಲ್ಲಿ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಭಾರ ನಿಧಾನಕ್ಕೆ ಕೆಳಗಿಳಿಸುವಾಗ, ಬಸ್ಕಿಯಲ್ಲಿ ಕೆಳಗೆ ಹೋಗುವಾಗ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆಯುತ್ತದಲ್ಲ, ಆ ಕೆಲಸವೇ ಇದಕ್ಕೆ ಮುಖ್ಯ ಕಾರಣ. ಒಮ್ಮೆ ಹೀಗೆ ನೋವು ತಿಂದ ಸ್ನಾಯು ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಜೋರು ವ್ಯಾಯಾಮದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕೈಕಾಲು ಬಾತುಕೊಂಡರೆ, ಮನೆಮದ್ದು ಮಾಡುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಹಾಗಾದರೆ ತಪ್ಪಿದ್ದು ಎಲ್ಲಿ? ಹಣ ಕಟ್ಟಿದವರಿಗೆ ಮೊದಲ ದಿನವೇ ಹಣದ ಬೆಲೆ ಸಿಗಬೇಕು. ಕಲಿಸುವವರಿಗೆ ಮೊದಲ ದಿನವೇ ತಮ್ಮ ಕೈಚಳಕ ತೋರಿಸಬೇಕು. ಇಬ್ಬರೂ ಸೇರಿ ನಿಮ್ಮ ತೊಡೆಯನ್ನು ಹಣ್ಣು ಮಾಡಿದರು. ಹೊಸಬರಿಗೆ ನಾನು ಹೇಳುವುದು ಒಂದೇ: ಮೊದಲ ತಿಂಗಳು ಸಾಕು ಅನಿಸುವ ಮೊದಲೇ ನಿಲ್ಲಿಸಿ. ಇಷ್ಟೇನಾ, ಇನ್ನೂ ಮಾಡಬಹುದಿತ್ತಲ್ಲ ಎಂದು ಅನಿಸಬೇಕು. ಆ ಆಸೆ ಉಳಿದಿದ್ದರೆ ನಾಳೆ ಬರುತ್ತೀರಿ.

ಮೊದಲ ಎರಡು ವಾರ ಬರೀ ನಡಿಗೆ. ದಿನಕ್ಕೆ 10 ನಿಮಿಷ. ನಗಬೇಡಿ, ನಿಜವಾಗಿ ಹತ್ತೇ ನಿಮಿಷ. ಆಫೀಸಿಗೆ ಬಸ್ಸಿನಲ್ಲಿ ಹೋಗುವವರಾದರೆ ಒಂದು ಸ್ಟಾಪ್ ಮೊದಲೇ ಇಳಿದರೂ ಆಯಿತು. ಆಮೇಲೆ ವಾರಕ್ಕೆ ಐದು ನಿಮಿಷದಷ್ಟು ಏರಿಸುತ್ತಾ ದಿನಕ್ಕೆ ಅರ್ಧ ಗಂಟೆಗೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು, ಜತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುವಿಗೆ ಭಾರದ ಕೆಲಸ ಬೇಕು. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನೂ ಆಗ ಕೈಬಿಟ್ಟರು. ಐದು ನಿಮಿಷ ಸಿಕ್ಕಿದರೆ ಐದು ನಿಮಿಷ ನಡೆಯಿರಿ, ಅದೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಮ ಶ್ರಮ ಅಂದರೆ ಎಷ್ಟು ಎಂದು ತಿಳಿಯಲು ವಾಚು ಬೇಡ. ನಡೆಯುತ್ತಾ ಪಕ್ಕದವರ ಹತ್ತಿರ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಹಾಡಬಹುದು ಅಂತಾದರೆ ಸ್ವಲ್ಪ ಬೀಸಾಗಿ ಹೆಜ್ಜೆ ಹಾಕಿ. ಮಾತೂ ಬರುವುದಿಲ್ಲ ಅಂತಾದರೆ ನಿಧಾನಿಸಿ. ದಿನಕ್ಕೆ 10,000 ಹೆಜ್ಜೆ ಎಂಬ ಲೆಕ್ಕದ ಹಿಂದೆ ಹೋಗಿ ತಲೆಬಿಸಿ ಮಾಡಿಕೊಳ್ಳಬೇಡಿ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರಿಂದ ಹಬ್ಬಿದ ಸಂಖ್ಯೆ, ಯಾವ ಡಾಕ್ಟರೂ ಅಳೆದು ತೂಗಿ ಕೊಟ್ಟದ್ದಲ್ಲ. ಈಗ 3,000 ನಡೆಯುವವರು 4,500ಕ್ಕೆ ಬಂದರೆ ಅದೇ ದೊಡ್ಡ ಲಾಭ.

ಕಟ್ಟಿದ ಹಣ ಹಾಳಾಗುವುದು ಬೇಡ. ಮೂರನೆಯ ವಾರದಿಂದ ವಾರಕ್ಕೆ ಎರಡು ದಿನ ಜಿಮ್‌ಗೆ ಹೋಗಿ, 20 ನಿಮಿಷ ಮಾತ್ರ. ಕಾಲಿಗೊಂದು, ಎದೆಗೊಂದು, ಬೆನ್ನಿಗೊಂದು, ಅಷ್ಟು ಸಾಕು. ಇನ್ನೂ ಮೂರು ನಾಲ್ಕು ಸಲ ಎತ್ತಬಹುದು ಅನ್ನುವಾಗಲೇ ಕೆಳಗಿಡಿ. ಟ್ರೈನರ್ ಒತ್ತಾಯ ಮಾಡಿದರೆ ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಿ.

ಮತ್ತೆ, 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಇಟ್ಟುಕೊಂಡು ಇದನ್ನೇ ನೋಡಿದ್ದರು. ಹೊಸ ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ನಡುವಿನ ಲೆಕ್ಕದಲ್ಲಿ 66 ದಿನ ಹಿಡಿದಿತ್ತು, ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ. ಮದುವೆಗೆ ಹೋದಿರಿ, ಭೂತದ ಕೋಲಕ್ಕೆ ಹೋಗಿ ರಾತ್ರಿ ನಿದ್ದೆ ಕೆಟ್ಟಿರಿ, ಒಂದು ದಿನ ಬಿಟ್ಟುಹೋಯಿತು. ಪರವಾಗಿಲ್ಲ, ಮರುದಿನ ಹೊರಡಿ.

ಬೆಳಿಗ್ಗೆ ಮಾಡುವುದು ಒಳ್ಳೆಯದಾ, ಸಂಜೆಯಾ? (ಪಡುಬಿದ್ರಿ)

ನಿಮಗೆ ಯಾವಾಗ ಆಗುತ್ತದೋ ಆವಾಗ. ಆದರೆ ಮಾರ್ಚ್‌ನಿಂದ ಮೇ ಕೊನೆಯವರೆಗೆ ನಮ್ಮ ಕರಾವಳಿಯ ಸೆಕೆಯಲ್ಲಿ ಹಗಲು ಹೊತ್ತು ಬೇಡ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರದೆ ಸುಮ್ನೆ ಇಳಿದು ಹೋಗುತ್ತದೆ, ನೀರೂ ಹೋಯಿತು, ತಂಪೂ ಆಗಲಿಲ್ಲ. ಅದಕ್ಕೇ ಘಟ್ಟದ ಮೇಲಿನವರಿಗೆ ಸುಲಭ ಅನಿಸುವ ವೇಗ ಇಲ್ಲಿ ನಮಗೆ ಭಾರ ಆಗುತ್ತದೆ. ಬೆಳಿಗ್ಗೆ 7ರ ಒಳಗೆ ಮುಗಿಸಿ, ಬಂದು ಉಪ್ಪು ಹಾಕಿದ ಗಂಜಿತಿಳಿಯೋ ಮಜ್ಜಿಗೆಯೋ ಕುಡಿಯಿರಿ. ಬೊಂಡ, ಅಂದರೆ ಎಳನೀರೂ ಆಗುತ್ತದೆ, ಈಗಿನ ರೇಟಿಗೆ ದಿನಾ ಆಗಲಿಕ್ಕಿಲ್ಲ.

ಅಕ್ಕಾ, ನನಗೆ 52. ಮುಟ್ಟು ನಿಂತು ಎರಡು ವರ್ಷ ಆಯಿತು. ಗಂಟುನೋವು ಉಂಟು, ಡಾಕ್ಟರು ಮಂಡಿ ಸ್ವಲ್ಪ ಸವೆದಿದೆ ಅಂದರು. ಮಗಳು ವ್ಯಾಯಾಮ ಮಾಡು ಅನ್ನುತ್ತಾಳೆ. ಗುಡಿಸಿ ಒರೆಸಿ ಬಟ್ಟೆ ಒಗೆದು ಅಡುಗೆ ಮಾಡುವುದು ವ್ಯಾಯಾಮ ಅಲ್ವಾ? ನಡೆದರೆ ಮಂಡಿ ಇನ್ನೂ ಸವೆಯುವುದಿಲ್ಲವಾ? (ಬ್ರಹ್ಮಗಿರಿ, ಉಡುಪಿ)

ಮನೆಕೆಲಸ ಖಂಡಿತ ಲೆಕ್ಕಕ್ಕೆ ಉಂಟಮ್ಮ. ಮೈ ಅಲ್ಲಾಡುತ್ತದೆ, ಕುಳಿತುಕೊಂಡೇ ಇರುವವರಿಗಿಂತ ನೀವು ಎಷ್ಟೋ ಮೇಲು. ಆದರೆ ಈಗಿನ ಮನೆಕೆಲಸ ನಿಮ್ಮ ಅಮ್ಮನ ಕಾಲದ ಮನೆಕೆಲಸ ಅಲ್ಲ. ಅವರು ಬಾವಿಯಿಂದ ನೀರು ಸೇದಿದರು, ಕಡೆಯುವ ಕಲ್ಲಿನಲ್ಲಿ ಅಕ್ಕಿ ಕಡೆದರು, ತಲೆಹೊರೆಯಲ್ಲಿ ಸೊಪ್ಪು ತಂದರು. ಈಗ ಪಂಪು ಉಂಟು, ಗ್ರೈಂಡರ್ ಉಂಟು. ಉಳಿದದ್ದು ಬಾಗುವ ಕೆಲಸ ಮತ್ತು ನಿಲ್ಲುವ ಕೆಲಸ. ಸೊಂಟ ಸೋಲುತ್ತದೆ, ಸ್ನಾಯು ಬಲ ಆಗುವುದಿಲ್ಲ.

ನಿಮ್ಮ ಪ್ರಾಯಕ್ಕೆ ಬಲವೇ ಮುಖ್ಯ. ಮುಟ್ಟು ನಿಂತ ನಂತರ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಕಡಿಮೆಯಾಗಿ ಮೊದಲ ಕೆಲವು ವರ್ಷ ಎಲುಬು ಬೇಗ ಬೇಗ ಸಾಂದ್ರತೆ ಕಳೆದುಕೊಳ್ಳುತ್ತದೆ. ಎಲುಬಿಗೆ ಭಾರ ಬಿದ್ದರೆ ಅದು ಗಟ್ಟಿ ಉಳಿಯಲು ನೋಡುತ್ತದೆ, ಭಾರ ಬೀಳದಿದ್ದರೆ ಇಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದೇ, ಎಲುಬಿಗೆ ಅದೊಂದೇ ಸಾಲದು.

ಮಂಡಿಯ ವಿಷಯ. ನಡೆದರೆ ಸವೆಯುತ್ತದೆ ಎಂಬ ಹೆದರಿಕೆಯಿಂದ ಎಷ್ಟು ಜನ ಕುಳಿತೇ ಮಂಡಿ ಹಾಳು ಮಾಡಿಕೊಂಡಿದ್ದಾರೆ ಗೊತ್ತುಂಟಾ? ಸವೆದ ಮಂಡಿಗೆ ಡಾಕ್ಟರುಗಳು ಮೊದಲು ಹೇಳುವ ಚಿಕಿತ್ಸೆಯೇ ವ್ಯಾಯಾಮ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲೆ ಬೀಳುವ ಏಟು ಕಡಿಮೆ. ಶುರುವಿಗೆ ಸ್ವಲ್ಪ ನೋವು ಇದ್ದರೆ ಇರಲಿ, ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ನೀವು ಮಾಡಿದ್ದು ಸರಿಯಾದ ಅಳತೆ. ಇಳಿಯದಿದ್ದರೆ ಮುಂದಿನ ಸಲ ಅರ್ಧ ಮಾಡಿ. ಮಂಡಿ ಬಾತುಕೊಂಡರೆ ಅಥವಾ ಮಡಚಿದ್ದು ಸಿಕ್ಕಿಹಾಕಿಕೊಂಡ ಹಾಗೆ ಆದರೆ ಮಾತ್ರ ನಿಲ್ಲಿಸಿ ತೋರಿಸಿ.

ಮಾಡುವುದು ಇಷ್ಟು. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿ ತೆಗೆದುಕೊಳ್ಳಿ, ಪ್ಲಾಸ್ಟಿಕ್ಕಿನದ್ದು ಜಾರುತ್ತದೆ, ಬೇಡ. ಕೈ ಊರದೆ ಎದ್ದು ನಿಲ್ಲಿ, ಮೂರು ಎಣಿಸುತ್ತಾ ನಿಧಾನಕ್ಕೆ ಕುಳಿತುಕೊಳ್ಳಿ. ಮೊದಲಿಗೆ ಐದು ಸಲ. ಕೈ ಊರದೆ ಆಗುವುದೇ ಇಲ್ಲವಾದರೆ ಕುರ್ಚಿಯ ಮೇಲೆ ಒಂದು ದಪ್ಪ ದಿಂಬು ಇಡಿ, ಎತ್ತರ ಹೆಚ್ಚಾದಷ್ಟೂ ಸುಲಭ, ತಿಂಗಳು ಕಳೆದ ಮೇಲೆ ದಿಂಬು ತೆಗೆಯಿರಿ. ಆಮೇಲೆ ಗೋಡೆ ದಂಡ: ಗೋಡೆಯಿಂದ ಒಂದು ಕೈ ದೂರ ನಿಂತು, ಎರಡೂ ಅಂಗೈ ಗೋಡೆಗೆ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು. ಕುಚಲಕ್ಕಿ ಬೇಯಲು ಹೇಗೂ ಹೊತ್ತು ಬೇಕಲ್ಲ, ಅಷ್ಟರಲ್ಲಿ ಅಡುಗೆಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಿ, ನಂತರ ಒಂದೊಂದು ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿ. ಬೀಳದೆ ಇರುವುದಕ್ಕೂ ಅಭ್ಯಾಸ ಬೇಕು. ಕೊನೆಗೆ ಎರಡು ಕೈಚೀಲದಲ್ಲಿ ಎರಡೆರಡು ಕಿಲೋ ಅಕ್ಕಿ ಹಾಕಿ, ಬೆನ್ನು ನೆಟ್ಟಗೆ ಇಟ್ಟು ಚಾವಡಿಯಲ್ಲಿ ಆಚೆ ಈಚೆ ನಡೆಯಿರಿ. ಉಸಿರು ಕಟ್ಟಬೇಡಿ, ಶ್ರಮ ಆಗುವಾಗ ಬಾಯಿಯಿಂದ ಬಿಡಿ.

ಇದು ವಾರಕ್ಕೆ ಎರಡು ಸಲ, ನಡುವೆ ಒಂದು ದಿನವಾದರೂ ಬಿಡುವು. ಸುಲಭ ಆಯಿತು ಅನ್ನುವಾಗ ಐದಿದ್ದದ್ದು ಎಂಟು, ಎರಡು ಕಿಲೋ ಇದ್ದದ್ದು ಮೂರು. ಹೀಗೆ ಏರಿಸದೆ ಇದ್ದರೆ ಅದೂ ಒಂದು ಮನೆಕೆಲಸವೇ ಆಗಿಬಿಡುತ್ತದೆ.

ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ದಿನವಿಡೀ ನಿಂತೇ ಇರುವುದು. ನನಗೂ ವ್ಯಾಯಾಮ ಬೇಕಾ ಮಾರಾಯ್ರೆ? (ಮಂಗಳೂರು)

ನಿಮ್ಮ ವೃತ್ತಿಯವರಿಂದಲೇ ಈ ಶಾಸ್ತ್ರ ಶುರುವಾಯಿತು ಅಂದರೂ ತಪ್ಪಿಲ್ಲ. ಲಂಡನ್ನಿನಲ್ಲಿ ಜೆರ್ರಿ ಮೋರಿಸ್ ಎಂಬ ಡಾಕ್ಟರು ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು ಮತ್ತು ಕಂಡಕ್ಟರುಗಳ ಆರೋಗ್ಯ ಹೋಲಿಸಿ ನೋಡಿದರು. 1953ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ದಿನವಿಡೀ ಮಹಡಿ ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಿಗೆ ಕುಳಿತೇ ಇರುವ ಡ್ರೈವರುಗಳಿಗಿಂತ ಹೃದಯಾಘಾತ ಕಡಿಮೆ ಇತ್ತು. ದೇಹಶ್ರಮಕ್ಕೂ ಹೃದಯಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದ ಮೊದಲ ದೊಡ್ಡ ಕೆಲಸ ಅದು. ಆಮೇಲೆ ಅವರೇ ಯೂನಿಫಾರ್ಮಿನ ಅಳತೆ ತೆಗೆದು ನೋಡಿದಾಗ ಡ್ರೈವರುಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ದಪ್ಪ ಇತ್ತು ಎಂದೂ ಗೊತ್ತಾಯಿತು. ಹಾಗಾಗಿ ಎಲ್ಲ ಪುಣ್ಯವೂ ಮೆಟ್ಟಿಲಿನದ್ದಲ್ಲ. ಆದರೂ ಆಮೇಲೆ ಬಂದ ಬೇರೆ ಅಧ್ಯಯನಗಳು ಅದೇ ದಾರಿಯನ್ನು ತೋರಿಸಿದವು.

ಆದರೆ ನಿಮ್ಮ ಬಸ್ಸಿಗೆ ಮಹಡಿ ಇಲ್ಲ. ರಶ್ ಹೊತ್ತಿನಲ್ಲಿ ಫುಟ್‌ಬೋರ್ಡಿನಿಂದ ಒಳಗೆ ನುಸುಳಲಿಕ್ಕೂ ಜಾಗ ಇಲ್ಲ. ನಿಂತಲ್ಲೇ ನಿಲ್ಲುವುದು ನಡಿಗೆ ಆಗುವುದಿಲ್ಲ, ಅದರಿಂದ ಕಾಲಿನ ರಕ್ತನಾಳ ಉಬ್ಬುವುದೂ ಉಂಟು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಎರಡು ಟ್ರಿಪ್ಪಿನ ನಡುವೆ ಸಿಗುವ ಹೊತ್ತಿನಲ್ಲಿ ಒಂದು ಸುತ್ತು ಬೀಸಾಗಿ ನಡೆದು ಬನ್ನಿ, ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡದ ಸ್ನಾಯು ಹಿಂಡಿದಾಗ ರಕ್ತ ಮೇಲೆ ಹೋಗುತ್ತದೆ. ಮನೆಯಲ್ಲಿ ವಾರಕ್ಕೆ ಎರಡು ದಿನ ದಂಡ, ಬಸ್ಕಿ. ಮತ್ತೆ ನಿಮ್ಮ ಡ್ರೈವರಣ್ಣನನ್ನೂ ಆ ಸುತ್ತಿಗೆ ಕರೆದುಕೊಂಡು ಹೋಗಿ, ಅವರಿಗೆ ನಿಮಗಿಂತ ಜಾಸ್ತಿ ಬೇಕು.

ಹೊಟ್ಟೆ ಮಾತ್ರ ಇಳಿಸಬೇಕು. ಯಾವ ವ್ಯಾಯಾಮ? (ಉಳ್ಳಾಲ)

ಅಂಥದ್ದು ಇಲ್ಲ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಕೊಬ್ಬು ಹಾಗೇ ಇರುತ್ತದೆ. ಕೊಬ್ಬು ಎಲ್ಲಿಂದ ಕರಗಬೇಕು ಎಂದು ದೇಹವೇ ತೀರ್ಮಾನ ಮಾಡುವುದು. ಅರ್ಧ ಗಂಟೆ ಬೀಸಾಗಿ ನಡೆದರೆ ಸಾಮಾನ್ಯ ತೂಕದವರಿಗೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ, ವಾಪಸು ಬರುವ ದಾರಿಯ ಹೋಟೆಲಿನಲ್ಲಿ ಒಂದು ಪ್ಲೇಟ್ ಗೋಳಿಬಜೆ ತಿಂದರೆ ಲೆಕ್ಕ ಚುಕ್ತಾ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ. ವ್ಯಾಯಾಮ ಬೇಕಾಗುವುದು ಇಳಿದ ತೂಕ ಮತ್ತೆ ಏರದ ಹಾಗೆ ನೋಡಿಕೊಳ್ಳಲಿಕ್ಕೆ, ಮತ್ತೆ ಬೇರೆ ನೂರು ಕಾರಣಕ್ಕೆ.

ಪ್ರಾಯ 58, ಶುಗರ್ ಹತ್ತು ವರ್ಷದಿಂದ, ಬಿಪಿಗೂ ಮಾತ್ರೆ ಉಂಟು. ಮಗ ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಕೊಡಿಸಿದ್ದಾನೆ. ಎಷ್ಟು ನಡೆದರೂ ಅದು 'ಶ್ರಮ ಸಾಲದು' ಅನ್ನುತ್ತದೆ. ಜೋರು ನಡೆದರೆ ಒಮ್ಮೊಮ್ಮೆ ಕೈ ನಡುಕ ಬಂದು ಬೆವರುತ್ತೇನೆ. (ಕುಂದಾಪುರ)

ವಾಚನ್ನು ಮೊದಲು ಬಿಚ್ಚಿಡಿ ಸರ್. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಅಟೆನೊಲಾಲ್, ಮೆಟೊಪ್ರೊಲಾಲ್ ತರದವು, ಹೃದಯದ ಬಡಿತ ಏರದ ಹಾಗೆ ತಡೆಯುತ್ತವೆ. ಅಂಥದ್ದು ತೆಗೆದುಕೊಳ್ಳುವವರ ಬಡಿತ ನೋಡಿ ಶ್ರಮ ಅಳೆಯಲು ವಾಚಿಗೆ ಆಗುವುದಿಲ್ಲ. ಮೇಲೆ ಹೇಳಿದ ಮಾತು ಮತ್ತು ಹಾಡಿನ ಪರೀಕ್ಷೆಯೇ ನಿಮಗೆ ಸರಿ.

ನಡುಕ ಮತ್ತು ಬೆವರು ಅಂದಿರಲ್ಲ, ಅದನ್ನು ಹಗುರಕ್ಕೆ ತೆಗೆದುಕೊಳ್ಳಬೇಡಿ. ಶುಗರ್ ಕೆಳಗೆ ಬಿದ್ದಿರಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೀಗಾಗುವುದು ಅಪರೂಪ, ಗ್ಲಿಮೆಪಿರೈಡ್ ತರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಆಗುತ್ತದೆ. ನಿಮ್ಮ ಚೀಟಿ ಹಿಡಿದುಕೊಂಡು ಈ ವಾರವೇ ಡಾಕ್ಟರ ಹತ್ತಿರ ಹೋಗಿ ಇದನ್ನು ಹೇಳಿ. ಡೋಸ್ ಬದಲಿಸಬೇಕಾದೀತು, ನೀವೇ ಕಡಿಮೆ ಮಾಡಿಕೊಳ್ಳಬೇಡಿ. ಅಲ್ಲಿಯವರೆಗೆ ಖಾಲಿ ಹೊಟ್ಟೆಯಲ್ಲಿ ನಡೆಯಬೇಡಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಹೊರಡುವ ಮೊದಲು ನೋಡಿ, 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಹೊರಡಿ. ಕಿಸೆಯಲ್ಲಿ ಸಕ್ಕರೆ ಅಥವಾ ಗ್ಲುಕೋಸ್ ಯಾವಾಗಲೂ ಇರಲಿ. ನಡುಕ ಬಂದ ಕೂಡಲೆ ಮೂರು ಚಮಚ ಬಾಯಿಗೆ ಹಾಕಿ ಕುಳಿತುಕೊಳ್ಳಿ. ಮೇಲೆ ಹೇಳಿದ ಬಿಪಿ ಮಾತ್ರೆ ಇರುವವರಲ್ಲಿ ನಡುಕ ಗೊತ್ತಾಗದೆ ಬರೀ ಬೆವರು ಕಾಣುವುದೂ ಉಂಟು, ಆಗಲೂ ಇದನ್ನೇ ಮಾಡಿ.

ಹೆದರಿ ನಿಲ್ಲಿಸಬೇಡಿ ಮಾತ್ರ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಆಮೇಲೆ ಒಂದೆರಡು ದಿನ ಇನ್ಸುಲಿನ್ ಕೂಡ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು ಅನ್ನುವುದು. ಊಟ ಆದ ಮೇಲೆ 10-15 ನಿಮಿಷ ನಡೆದರೆ ಊಟದ ನಂತರ ಏರುವ ಶುಗರ್ ಕಡಿಮೆ ಆಗುತ್ತದೆ, ಅಂಗಳದಲ್ಲಿ ನಡೆದರೂ ಆಯಿತು. ಬರಿಗಾಲು ಬೇಡವೇ ಬೇಡ. ರಾತ್ರಿ ಪಾದ ತಿರುಗಿಸಿ ನೋಡಿಕೊಳ್ಳಿ, ಗಾಯ ಆದದ್ದು ನಿಮಗೆ ಗೊತ್ತಾಗದೆ ಇರಬಹುದು. ನಡೆಯುವಾಗ ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ, ನೇರ ಆಸ್ಪತ್ರೆ.

ಜನವರಿಯಿಂದ ಮೇವರೆಗೆ ಚಂದ ನಡೆಯುತ್ತೇನೆ. ಜೂನ್ ಬಂದು ಮಳೆ ಹಿಡಿಯಿತು ಅಂದರೆ ಎಲ್ಲ ನಿಂತಿತು. ಪ್ರತಿ ವರ್ಷ ಇದೇ ಕಥೆ. (ಸುರತ್ಕಲ್)

ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿನಲ್ಲಿ ಕುಳಿತು ಬೆಂಗಳೂರಿನವರ ಹಾಗೆ ಪಾರ್ಕನ್ನೇ ನಂಬಿದರೆ ಆಗುತ್ತದಾ? ನಾಲ್ಕು ತಿಂಗಳಿಗೆ ಬೇರೆಯೇ ವ್ಯವಸ್ಥೆ ಬೇಕು, ಅದೂ ಮೇ ತಿಂಗಳಲ್ಲೇ. ಪಾಚಿ ಹಿಡಿದ ಅಂಗಳ, ಕೆಂಪುಕಲ್ಲಿನ ಮೆಟ್ಟಿಲು ಇವುಗಳ ಹತ್ತಿರ ಸಾಹಸ ಬೇಡ, ಅಡಿಕೆ ಸೋಗೆ ಹಾಸಿದ್ದರೂ ಬೇಡ. ವ್ಯಾಯಾಮಕ್ಕೆ ಹೊರಟು ಸೊಂಟ ಮುರಿದುಕೊಂಡವರು ಇದ್ದಾರೆ.

ಒಳ್ಳೆಯ ಸುದ್ದಿ ಏನೆಂದರೆ ಉಳಿಸಿಕೊಳ್ಳಲು ಸ್ವಲ್ಪವೇ ಸಾಕು. ಪೂರ್ತಿ ನಿಲ್ಲಿಸಿದರೆ ದಮ್ಮು ಎರಡು ವಾರದಲ್ಲೇ ಇಳಿಯಲು ಶುರುವಾಗುತ್ತದೆ, ಸ್ನಾಯುವಿನ ಬಲ ಅದಕ್ಕಿಂತ ತಡವಾಗಿ ಇಳಿಯುತ್ತದೆ. ವಾರಕ್ಕೆ ಒಂದೇ ಸಲ ಸರಿಯಾಗಿ ಭಾರದ ಕೆಲಸ ಮಾಡಿದರೂ ಬಲ ಬಹಳಷ್ಟು ಮಟ್ಟಿಗೆ ಉಳಿಯುತ್ತದೆ. ಫ್ಲ್ಯಾಟಿನವರಾದರೆ ಮೆಟ್ಟಿಲು ಉಂಟು, ಹತ್ತಿಕೊಂಡು ಹೋಗಿ ಲಿಫ್ಟಿನಲ್ಲಿ ಇಳಿಯಿರಿ, ಮಂಡಿಗೂ ಒಳ್ಳೆಯದು. ಸ್ವಂತ ಮನೆಯಾದರೆ ಜಗಲಿ, ಚಾವಡಿ. ನಿಂತಲ್ಲೇ ಮಂಡಿ ಎತ್ತಿ ಹೆಜ್ಜೆ ಹಾಕುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಟಿವಿ ಎದುರು ಮಾಡಿ. ಮನೆಯಲ್ಲಿ ಯಕ್ಷಗಾನ ಕಲಿಯುವ ಮಕ್ಕಳಿದ್ದರೆ ಅವರ ಪಕ್ಕದಲ್ಲಿ ನಿಂತು ನಾಲ್ಕು ಹೆಜ್ಜೆ ಕಲಿಯಿರಿ, ಮಂಡಿ ಬಗ್ಗಿಸಿ ತಾಳಕ್ಕೆ ಸರಿಯಾಗಿ ಹತ್ತು ನಿಮಿಷ ಕುಣಿದು ನೋಡಿ, ಆಮೇಲೆ ನಡಿಗೆ ಎಂಥ ಆರಾಮ ಎಂದು ಗೊತ್ತಾಗುತ್ತದೆ. ಮಳೆ ಬಿಟ್ಟ ಸಂಜೆ ಹೇಗೂ ಸಿಗುತ್ತದೆ, ಆ ದಿನ ಕೊಡೆ ಹಿಡಿದು ಹೊರಗೆ. ಆಟಿ ತಿಂಗಳಿನಲ್ಲಿ ಪತ್ರೊಡೆ ತಿಂದು ಕಂಬಳಿ ಹೊದ್ದು ಮಲಗುವ ಸುಖ ಬಿಡಿ ಎಂದು ನಾನು ಹೇಳುವುದಿಲ್ಲ, ನನಗೇ ಅದು ಆಗುವುದಿಲ್ಲ.

ನಾನು ಮಣಿಪಾಲದಲ್ಲಿ ಓದುತ್ತಿದ್ದೇನೆ, 19 ವರ್ಷ, 60 ಕಿಲೋ. ತೋಳು ದಪ್ಪ ಆಗಬೇಕು ಎಂದು ದಿನಾ ಡಂಬೆಲ್ಸ್ ಎತ್ತುತ್ತೇನೆ. ಎರಡು ತಿಂಗಳಾದರೂ ಏನೂ ಕಾಣುವುದಿಲ್ಲ. ರೂಮ್‌ಮೇಟ್ ಪ್ರೋಟೀನ್ ಪೌಡರ್ ತಗೋ ಅನ್ನುತ್ತಾನೆ.

ಮೊದಲ ಒಂದೆರಡು ತಿಂಗಳು ಬಲ ಹೆಚ್ಚಾಗುವುದು ಹೆಚ್ಚಿನಂಶ ನರಗಳ ಕಲಿಕೆಯಿಂದ. ಇದ್ದ ಸ್ನಾಯುವನ್ನೇ ಚೆನ್ನಾಗಿ ಬಳಸಲು ಮೆದುಳು ಕಲಿಯುತ್ತದೆ. ಗಾತ್ರ ಆಮೇಲೆ ಬರುತ್ತದೆ. ಎರಡು ತಿಂಗಳಿಗೆ ಕನ್ನಡಿ ನೋಡಿ ಬೇಸರ ಪಡಬೇಡಪ್ಪ, ಮೊದಲು ಎತ್ತುತ್ತಿದ್ದ ಭಾರ ಎಷ್ಟು, ಈಗ ಎಷ್ಟು ಎಂದು ಬರೆದಿಡು. ದಿನಾ ಅದೇ ತೋಳಿಗೆ ಕೆಲಸ ಕೊಟ್ಟರೆ ಅದಕ್ಕೆ ಬೆಳೆಯಲು ಬಿಡುವೇ ಇಲ್ಲ. ವಾರಕ್ಕೆ ಮೂರು ದಿನ ಇಡೀ ಮೈಗೆ: ಬಸ್ಕಿ, ದಂಡ, ಬಾರಿಗೆ ನೇತಾಡಿ ಮೈ ಎಳೆಯುವುದು, ನೆಲದಿಂದ ಭಾರ ಎತ್ತುವುದು. ತೋಳು ಇವೆಲ್ಲದರಲ್ಲೂ ಕೆಲಸ ಮಾಡುತ್ತದೆ. ಉಳಿದ ದಿನ ಮಣ್ಣಪಳ್ಳ ಕೆರೆಯ ಸುತ್ತ ಓಡು, ರಾತ್ರಿ ಫೋನ್ ಬಿಟ್ಟು ನಿದ್ದೆ ಮಾಡು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ನಿನಗೆ 50 ಗ್ರಾಂ. ಭಾರ ಎತ್ತುವವರಿಗೆ ಸ್ವಲ್ಪ ಹೆಚ್ಚು, 75-90 ಗ್ರಾಂ ಅಂದುಕೋ. ಮೊಟ್ಟೆ ಒಂದಕ್ಕೆ 6 ಗ್ರಾಂ, 100 ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 20, ಮತ್ತೆ ಕಡಲೆ ಗಸಿ, ಹೆಸರುಕಾಳು, ಮೊಸರು. ಮಲ್ಪೆ ಬಂದರು ಪಕ್ಕದಲ್ಲೇ ಇಟ್ಟುಕೊಂಡು ಡಬ್ಬಿಗೆ ಸಾವಿರಾರು ರೂಪಾಯಿ ಹಾಕುವುದು ನನಗಂತೂ ಅರ್ಥ ಆಗುವುದಿಲ್ಲ. ಸ್ನಾಯು ಬೆಳೆಸಲು ಪೌಡರ್ ಬೇಡ ಎಂದು ಅದೇ ಸಂಸ್ಥೆ 2024ರಲ್ಲಿ ಸಲಹೆಯನ್ನೂ ಕೊಟ್ಟಿದೆ. ಯಾರಾದರೂ ಮಾತ್ರೆ, ಇಂಜೆಕ್ಷನ್ ಮಾತು ತೆಗೆದರೆ ಆ ಜಿಮ್ಮನ್ನೇ ಬಿಡು. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿ, 2022ರಲ್ಲಿ 61 ಕಿಲೋ ವಿಭಾಗದಲ್ಲಿ ಕಂಚು ಗೆದ್ದವರು, ಹೆಚ್ಚುಕಡಿಮೆ ನಿನ್ನದೇ ತೂಕ. ಅವರ ವಿಡಿಯೊ ಹಾಕಿ ತೋಳು ನೋಡಬೇಡ, ಭಾರ ಎತ್ತುವಾಗ ಸೊಂಟ ಮತ್ತು ತೊಡೆ ಏನು ಮಾಡುತ್ತವೆ ನೋಡು.

33 ವರ್ಷ, ಮೂರು ವರ್ಷದ ಮಗು. ಶೂ ಹಾಕಿ ರಸ್ತೆಗೆ ಇಳಿದರೆ ಸಾಕು, 'ಎಲ್ಲಿಗೆ ಹೊರಟದ್ದು?' ಎಂದು ನಾಲ್ಕು ಮನೆಯಿಂದ ಕೇಳುತ್ತಾರೆ. ನಾಚಿಕೆ ಆಗುತ್ತದೆ. ಮನೆಯಲ್ಲೇ ಹಗ್ಗ ಹಾರೋಣ ಎಂದರೆ ಹಾರುವಾಗ ಮೂತ್ರ ಸೋರುತ್ತದೆ. ಯಾರಲ್ಲಿ ಹೇಳುವುದು? (ಬ್ರಹ್ಮಾವರ)

ನನ್ನಲ್ಲಿ ಹೇಳಿದಿರಲ್ಲ, ಒಳ್ಳೆಯದಾಯಿತು. ಹೆರಿಗೆ ಆದ ತುಂಬಾ ಹೆಂಗಸರಿಗೆ ಇದು ಇದೆ, ಹೇಳುವುದಿಲ್ಲ ಅಷ್ಟೇ. ಮೂತ್ರಕೋಶಕ್ಕೆ ಕೆಳಗಿನಿಂದ ಆಸರೆ ಕೊಡುವ ಸ್ನಾಯು ಸಡಿಲ ಆಗಿರುತ್ತದೆ. ಹಗ್ಗ ಹಾರುವುದು ಸದ್ಯಕ್ಕೆ ಬಿಡಿ. ಮೂತ್ರ ತಡೆದು ಹಿಡಿಯುವಾಗ ಯಾವ ಸ್ನಾಯು ಬಿಗಿಯುತ್ತೀರೋ ಅದನ್ನೇ ಬಿಗಿದು ಐದು ಎಣಿಸಿ, ಪೂರ್ತಿ ಸಡಿಲ ಬಿಟ್ಟು ಐದು ಎಣಿಸಿ, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬೇಡಿ, ಉಸಿರು ಕಟ್ಟಬೇಡಿ, ಮೂತ್ರ ಮಾಡುವ ಹೊತ್ತಿನಲ್ಲಿ ಅಭ್ಯಾಸ ಮಾಡಬೇಡಿ. ಮೂರು ತಿಂಗಳು ಬಿಡದೆ ಮಾಡಿ. ಸರಿ ಮಾಡುತ್ತಿದ್ದೀರಾ ಎಂದು ಒಮ್ಮೆ ಹೆಂಗಸರ ಡಾಕ್ಟರ ಹತ್ತಿರವೋ ಫಿಸಿಯೋಥೆರಪಿಯವರ ಹತ್ತಿರವೋ ನೋಡಿಸಿಕೊಳ್ಳಿ, ಇದು ವಾಸಿ ಆಗುವಂಥದ್ದು.

ಇನ್ನು ನಾಲ್ಕು ಮನೆಯವರು. ಅವರು ಕೇಳುವುದು ನಮ್ಮೂರಿನ ಕ್ರಮ, ಉತ್ತರ ಬೇಕು ಎಂದೇನಿಲ್ಲ. 'ಇಲ್ಲೇ, ಒಂದು ಸುತ್ತು' ಎಂದು ಹೇಳಿ ಮುಂದೆ ಹೋಗಿ. ಒಂದು ತಿಂಗಳು ದಿನಾ ಅದೇ ಹೊತ್ತಿಗೆ ಕಂಡರೆ ಕೇಳುವುದು ನಿಲ್ಲಿಸುತ್ತಾರೆ, ಆಮೇಲೆ ಒಂದು ದಿನ ಕಾಣದಿದ್ದರೆ 'ನಿನ್ನೆ ಯಾಕೆ ಬರಲಿಲ್ಲ?' ಎಂದು ಕೇಳುತ್ತಾರೆ, ನಿಮಗೆ ಪುಕ್ಕಟೆ ಕಾವಲು. ಅತ್ತೆಯವರಿಗೆ ನಡೆಯಲು ಆಗುತ್ತದಾದರೆ ಜತೆಗೆ ಕರೆದುಕೊಂಡು ಹೋಗಿ. ಆ 20 ನಿಮಿಷ ಮಗುವನ್ನು ನೋಡಿಕೊಳ್ಳುವ ಕೆಲಸ ಮಗುವಿನ ಅಪ್ಪನದ್ದು, ಅದನ್ನು ಮೊದಲೇ ಮಾತಾಡಿಕೊಳ್ಳಿ. ನಾಯಿಗಳ ಕಾಟ ಇರುವ ದಾರಿಯಾದರೆ ಕೈಯಲ್ಲಿ ಕೊಡೆ ಇರಲಿ.

ಪಣಂಬೂರು, ಮಲ್ಪೆ ಬೀಚಿನ ಮರಳಿನಲ್ಲಿ ಬರಿಗಾಲಿನಲ್ಲಿ ನಡೆದರೆ ಜಾಸ್ತಿ ಲಾಭ ಅಂತೆ, ಹೌದಾ? (ಕಾಪು)

ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಅದು ಹೌದು. ಹೊಸಬರಿಗೆ ಅದೇ ತೊಂದರೆ, ಮೀನಖಂಡ ಮತ್ತು ಹಿಮ್ಮಡಿಯ ನರ ಹಿಡಿದುಕೊಳ್ಳುತ್ತದೆ. ನೀರಿನ ಹತ್ತಿರದ ಒದ್ದೆ ಗಟ್ಟಿ ಮರಳಿನಲ್ಲಿ 10 ನಿಮಿಷದಿಂದ ಶುರು ಮಾಡಿ. ಕಡಲಿನ ಕಡೆಗೆ ದಡ ಇಳಿಜಾರು ಇರುವುದರಿಂದ ಹೋದಷ್ಟೇ ದೂರ ತಿರುಗಿ ಬನ್ನಿ, ಇಲ್ಲದಿದ್ದರೆ ಒಂದೇ ಕಡೆಯ ಸೊಂಟಕ್ಕೆ ಕೆಲಸ. ಶುಗರ್ ಇರುವವರು ಬರಿಗಾಲಿನಲ್ಲಿ ಬೇಡ. ಮಳೆಗಾಲದಲ್ಲಿ ಯಾರೂ ಬೇಡ, ಆಗ ಅಲೆ ಎಲ್ಲಿವರೆಗೆ ಏರುತ್ತದೆ ಎಂದು ಹೇಳಲು ಬರುವುದಿಲ್ಲ. ಚಪ್ಪಲಿಯನ್ನು ಬೈಕಿನಲ್ಲಿ ಬಿಡಬೇಡಿ, ಕೈಯಲ್ಲಿ ಹಿಡಿದುಕೊಳ್ಳಿ, ಮರಳಿನಲ್ಲಿ ಬಾಟಲಿ ಚೂರು ಎಲ್ಲಿ ಸಿಗುತ್ತದೆ ಎಂದು ಗೊತ್ತಾಗುವುದಿಲ್ಲ.